ಹೀಟರಿಗೆ ಎರಡನೆಯ ರುಜು

ನಾಗಪುರದಲ್ಲಿ ಕಾರಿನ ಹೀಟರ್ ಸೋರುತ್ತಿದೆ ಎಂದರೆ ಯಾವ ಮೆಕ್ಯಾನಿಕ್ಕೂ ಅದನ್ನು ರಿಪೇರಿ ಮಾಡುವುದಿಲ್ಲ. ನೀರು ಒಳಗೆ ಹೋಗುವ ಪೈಪು, ಹೊರಗೆ ಬರುವ ಪೈಪು ಎರಡನ್ನೂ ಒಂದಕ್ಕೊಂದು ಸೇರಿಸಿ ಕ್ಲಿಪ್ಪು ಬಿಗಿದು, ಹೀಟರನ್ನು ಮರೆತುಬಿಡಿ ಎನ್ನುತ್ತಾನೆ. ಮೇ ತಿಂಗಳಲ್ಲಿ ರಸ್ತೆಯ ಟಾರು ಚಪ್ಪಲಿಗೆ ಅಂಟುವ ಊರದು. ನಾನೂ ಅದನ್ನೇ ಹೇಳಿದೆ.

"ಅದೆಲ್ಲಾ ನಂಗ ಗೊತ್ತೈತ್ರಿ. ನಂಗ ಹೀಟರ್ ಬೇಕು" ಎಂದರು ಆಕೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿದ್ದೆ. ವಯಸ್ಸು ಮೂವತ್ತನಾಲ್ಕು, ಮದುವೆಯಾಗಿರಲಿಲ್ಲ, ಮೂಗಿನ ತುದಿಯಲ್ಲೇ ಕೋಪ. ಬ್ಯಾರಕ್ಕಿನಲ್ಲಿ ಎಂಟು ಮಂಚ. ಭಾನುವಾರ ಬಂತೆಂದರೆ ಏಳು ಖಾಲಿ. ಎಲ್ಲರಿಗೂ ಹೋಗಲು ಯಾರದಾದರೂ ಮನೆಯಿತ್ತು. ನಾನು ಬಟ್ಟೆ ಒಗೆದು, ಒಣಗುವವರೆಗೆ ಅದನ್ನೇ ನೋಡುತ್ತ ಕೂತಿರುತ್ತಿದ್ದೆ. ಕನ್ನಡ ಮಾತಾಡದೆ ತಿಂಗಳುಗಳೇ ಕಳೆದು, ಒಮ್ಮೊಮ್ಮೆ ಸ್ನಾನದ ಮನೆಯಲ್ಲಿ ನನ್ನಷ್ಟಕ್ಕೆ ನಾನೇ ಮಾತಾಡಿಕೊಳ್ಳುತ್ತಿದ್ದೆ.

ಆಕೆ ಸಿಕ್ಕಿದ್ದೂ ನನ್ನ ಕೋಪದಿಂದಲೇ. ಧರಮಪೇಠದ ತರಕಾರಿ ಅಂಗಡಿಗಳ ಮುಂದೆ ಆಟೋದವನೊಬ್ಬ ನನ್ನ ಸೈಕಲ್ಲಿಗೆ ಗುದ್ದಿದಾಗ ಅವನ ವಂಶವನ್ನೆಲ್ಲ ಕನ್ನಡದಲ್ಲಿ ಜಾಲಾಡಿಬಿಟ್ಟೆ. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಹಿಂದಿನಿಂದ ಒಂದು ದನಿ ಬಂತು: "ಎಷ್ಟ್ ಛಂದ ಬೈತೀರಿ! ಮೈಸೂರ ಕಡ್ಯಾವರೇನ್ರಿ?"

ತಿರುಗಿ ನೋಡಿದರೆ ಅರವತ್ತು ದಾಟಿದ ಹೆಂಗಸು, ಚೀಲದಲ್ಲಿ ಮೆಂತ್ಯೆ ಸೊಪ್ಪು. ಬೆಳಗಾವಿ ಕಡೆಯವರು. ಮರಾಠಿ ಇಂಜಿನಿಯರೊಬ್ಬರನ್ನು ಮದುವೆಯಾಗಿ ನಾಗಪುರಕ್ಕೆ ಬಂದು ಮೂವತ್ತೈದು ವರ್ಷವಾಗಿತ್ತು. ಗಂಡ ತೀರಿಕೊಂಡು ಎರಡು ವರ್ಷ, ಮಕ್ಕಳಿಲ್ಲ. ನಾನು ಫಿಟ್ಟರ್ ಎಂದು ತಿಳಿದದ್ದೇ ತಡ, ಮನೆಗೆ ಕರೆದುಕೊಂಡು ಹೋಗಿ ಗ್ಯಾರೇಜಿನ ಬೀಗ ತೆಗೆದರು. ಕೀಲಿ ಅವರ ಸೊಂಟದಲ್ಲೇ ಇರುತ್ತಿತ್ತು. ಆ ಗಾಡಿಯನ್ನು ಬೇರೆಯವರು ಓಡಿಸುವುದಿರಲಿ, ಒರೆಸಲೂ ಬಿಡುತ್ತಿರಲಿಲ್ಲ.

ಒಳಗಿದ್ದದ್ದು ಗಂಡನ ಕಾಲದ, ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, ಕಡುಹಸಿರು ಬಣ್ಣ. ಪಕ್ಕದ ಸೀಟಿನ ಕೆಳಗೆ ಮ್ಯಾಟು ಒದ್ದೆಯಾಗಿ ಮುಗ್ಗಲು ನಾತ ಹೊಡೆಯುತ್ತಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿನ ಕೋರ್ ತೂತಾಗಿತ್ತು. ಕೋರ್ ಎಂದರೆ ಅಂಗೈಯಗಲದ ಒಂದು ರೇಡಿಯೇಟರ್, ಅಷ್ಟೇ. ಇಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುತ್ತದೆ, ಫ್ಯಾನು ಅದರ ಬಿಸಿಯನ್ನು ಕಾಲಬುಡಕ್ಕೆ ಊದುತ್ತದೆ.

"ಡಿಸೆಂಬರದಾಗ ಬೆಳಿಗ್ಗೆ ಲವಕರ ಎದ್ದು ಉಮರೇಡ್ ರಸ್ತಾಕ್ಕ ಹೋಗ್ತಿದ್ವಿ. ಮ್ಯಾಲೆ ಛತ್ ತಗದಿರ್ತಿದ್ವಿ. ಮಾರಿಗೆಲ್ಲ ಥಂಡಿ, ಕಾಲಿಗೆ ಬೆಚ್ಚಗ" ಎಂದರು.

ಹೀಗೆ ನನ್ನ ಭಾನುವಾರಗಳಿಗೆ ಒಂದು ಮನೆ ಸಿಕ್ಕಿತು. ಮೊದಲ ವಾರ ನೀರು ಬಸಿದು ಡ್ಯಾಶ್‌ಬೋರ್ಡ್ ಬಿಚ್ಚಿದೆ. ಎರಡನೇ ವಾರ ತಲೆ ಕೆಳಗಾಗಿ ಮಲಗಿ, ಮೊಣಕೈ ತರಚಿಸಿಕೊಂಡು ಹೀಟರ್ ಪೆಟ್ಟಿಗೆಯನ್ನು ಹೊರಗೆಳೆದೆ. ಹೊಸ ಕೋರ್ ಹಿಂದೂಸ್ತಾನದಲ್ಲೆಲ್ಲೂ ಸಿಗುವಂತಿರಲಿಲ್ಲ. ಸೀತಾಬರ್ಡಿಯ ಹಿಂದಿನ ಗಲ್ಲಿಯಲ್ಲಿ ಕಲ್ಲಿದ್ದಲು ಲಾರಿಗಳ ರೇಡಿಯೇಟರ್ ಬೆಸೆಯುವ ಮುದುಕನೊಬ್ಬನಿದ್ದ. ಹೀಟರ್ ಎಂದದ್ದಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಆಮೇಲೆ ಅಳತೆ ತೆಗೆದು ತಾಮ್ರದಲ್ಲಿ ಹೊಸದೊಂದನ್ನು ಮಾಡಿಕೊಟ್ಟ. ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಗಾಳಿ ಹೊಡೆದು ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ.

ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಾನು "ಇದೆ" ಅಂದರೆ ಅವರು "ಐತಿ" ಅನ್ನುವರು. ನನ್ನ ಕನ್ನಡ ರೇಡಿಯೋದ ಕನ್ನಡ ಎಂದು ಅಣಕಿಸುವರು. ಒಮ್ಮೆ ರೊಟ್ಟಿ ತಟ್ಟುತ್ತ, "ಮನಿಯಾಗ ಮಾತಾಡಾಕ ಗ್ವಾಡಿ ಅಷ್ಟ ಐತ್ರಿ. ಅದಕೂ ಮರಾಠೀನ ಬೇಕು" ಎಂದು ನಕ್ಕರು. ನಾನೂ ನಕ್ಕೆ. ಅಲ್ಲಿ ಕೂತಷ್ಟು ಹೊತ್ತು ನನ್ನ ಎದೆಯ ಬಿಗಿ ಸಡಿಲವಾಗಿರುತ್ತಿತ್ತು. ಅದನ್ನು ಅವರಿಗೆ ಹೇಳಿದ್ದೇನೆಯೇ? ಇಲ್ಲ.

ವಾಯುಪಡೆಯಲ್ಲಿ ಒಂದು ಪದ್ಧತಿಯಿದೆ. ಕೆಲಸ ಮಾಡಿದವನು ತನ್ನ ಕೆಲಸವನ್ನು ತಾನೇ ಸರಿ ಎನ್ನುವಂತಿಲ್ಲ. ಇನ್ನೊಬ್ಬ ಬಂದು ನೋಡಿ ಕೆಳಗೆ ಎರಡನೆಯ ರುಜು ಹಾಕಿದರೇನೇ ವಿಮಾನ ಹಾರುವುದು. ಆ ಚಾಳಿ ನನ್ನನ್ನು ಎಲ್ಲೂ ಬಿಡುತ್ತಿರಲಿಲ್ಲ. ಗಾಡಿಯ ಕೆಲಸಕ್ಕೂ ಒಂದು ನೋಟ್‌ಬುಕ್ ಇಟ್ಟು, "ಎರಡನೆಯ ರುಜು ನಿಮ್ಮದು. ನೀವು ಸರಿ ಅನ್ನುವವರೆಗೆ ಕೆಲಸ ಮುಗಿಯುವುದಿಲ್ಲ" ಎಂದು ಅವರಿಗೆ ಹೇಳಿದ್ದೆ. "ಬರೋಬರ್" ಎಂದು ಅವರು ಗಂಭೀರವಾಗಿ ತಲೆಯಾಡಿಸಿದ್ದರು.

ಡಿಸೆಂಬರಿನಲ್ಲಿ ಎಲ್ಲ ಜೋಡಿಸಿ, ಒಂದು ಬೆಳಿಗ್ಗೆ ಅವರನ್ನು ಪಕ್ಕ ಕೂರಿಸಿಕೊಂಡು ಉಮರೇಡ್ ರಸ್ತೆಯಲ್ಲಿ ಹೊರಟೆ. ಛಾವಣಿ ತೆಗೆದಿದ್ದೆವು. ಚಳಿಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಕೆ ಚಪ್ಪಲಿ ಬಿಟ್ಟು ಬರಿಗಾಲನ್ನು ಬಿಸಿಗಾಳಿಗೆ ಚಾಚಿ ಕಣ್ಣು ಮುಚ್ಚಿ ಕೂತಿದ್ದರು. ಮನೆ ತಲುಪಿದ ಮೇಲೆ ನೋಟ್‌ಬುಕ್ ಮುಂದಿಟ್ಟೆ. ಅವರು ಪೆನ್ನು ಹಿಡಿದರು, ಆಮೇಲೆ ಕೆಳಗಿಟ್ಟರು.

"ಇನ್ನೂ ಮುಗ್ಗಲು ವಾಸ ಬರ್ತೈತ್ರಿ. ಮುಂದಿನ ವಾರ ಒಮ್ಮೆ ನೋಡ್ರಿ."

ಮುಂದಿನ ವಾರ ಕ್ಲಿಪ್ಪುಗಳನ್ನೆಲ್ಲ ಮತ್ತೆ ಬಿಗಿದೆ. ಅದರ ಮುಂದಿನ ವಾರವೂ ವಾಸನೆ ಎಂದರು. ನನಗೆ ಮ್ಯಾಟಿಗೆ ಮೂಗು ಹಚ್ಚಿದರೂ ವಾಸನೆ ಬರಲಿಲ್ಲ. ಮೂರನೆಯ ವಾರ ಹೋದಾಗ, "ನೋಡ್ರಿ, ಮ್ಯಾಟು ಹಸೀನ ಐತಿ" ಎಂದರು.

ಮುಟ್ಟಿ ನೋಡಿದೆ, ನಿಜಕ್ಕೂ ಒದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. ಹನ್ನೆರಡು ವರ್ಷದ ಸರ್ವಿಸಿನಲ್ಲಿ ನನ್ನ ಕೆಲಸ ಒಂದೂ ವಾಪಸು ಬಂದಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ತೂರಿ ಬೆರಳಾಡಿಸಿದೆ. ಪೈಪು ಒಣಗಿತ್ತು, ಪೆಟ್ಟಿಗೆ ಒಣಗಿತ್ತು. ಮ್ಯಾಟನ್ನು ಎತ್ತಿ ತಿರುಗಿಸಿದೆ. ಮೇಲ್ಮೈ ಮಾತ್ರ ಒದ್ದೆ, ಅಡಿ ಒಣಗಿತ್ತು.

"ನೋಡಿ!" ಎಂದೆ, ಗೆದ್ದವನ ದನಿಯಲ್ಲಿ. "ಕೋರ್ ಸೋರಿದ್ದರೆ ನೀರು ಕೆಳಗಿಳಿದು ಅಡಿಯೂ ನೆನೆಯಬೇಕಿತ್ತು. ಇದು ಮೇಲಿಂದ ಚೆಲ್ಲಿದ ನೀರು. ನನ್ನ ಕೆಲಸದ್ದಲ್ಲ."

ಅವರ ಮುಖ ಸಣ್ಣದಾಯಿತು. "ಹೌದೇನ್ರಿ? ಕೆಲಸದಾಕಿ ಚೆಲ್ಲಿರಬೇಕು" ಎಂದರು.

"ಹಾಗಾದರೆ ರುಜು ಹಾಕಿ."

ಹಾಕಿದರು. ಕನ್ನಡದಲ್ಲಿ. "ಮುಗೀತಲ್ಲರಿ ಹಂಗಾರ" ಎಂದರು. "ಮುಗೀತು" ಎಂದು ನಾನು ಎದೆಯುಬ್ಬಿಸಿಕೊಂಡು ಸೈಕಲ್ ಹತ್ತಿದೆ. ಊಟಕ್ಕೂ ನಿಲ್ಲಲಿಲ್ಲ.

ಮುಂದಿನ ಭಾನುವಾರ ಎಂದಿನಂತೆ ಬೇಗ ಎದ್ದು ಸ್ನಾನ ಮಾಡಿ, ಹತಾರಗಳ ಚೀಲ ಕೈಗೆತ್ತಿಕೊಂಡ ಮೇಲೆ ನೆನಪಾಯಿತು, ಹೋಗಲು ಕೆಲಸವಿಲ್ಲ. ಮಂಚದ ಮೇಲೆ ಕೂತೆ. ಏಳು ಮಂಚ ಖಾಲಿ. ಆಗ ಹೊಳೆಯಿತು: ಕೆಲಸದಾಕೆ ಗ್ಯಾರೇಜಿಗೆ ಹೋದದ್ದಾದರೂ ಹೇಗೆ? ಕೀಲಿ ಇದ್ದದ್ದು ಮನೆಯೊಡತಿಯ ಸೊಂಟದಲ್ಲಿ. ನೀರು ಚೆಲ್ಲಿದವರು ಅವರೇ. ಮತ್ತೊಂದು ಭಾನುವಾರ ನಾನು ಬರಲಿ ಎಂದು ಚೆಲ್ಲಿದ್ದರು. ನಾನು ಅದನ್ನು ಕಳ್ಳತನ ಹಿಡಿದಂತೆ ಹಿಡಿದು, ಅವರ ಕೈಯಲ್ಲೇ ರುಜು ಹಾಕಿಸಿ ಬಂದಿದ್ದೆ. ಅಷ್ಟು ನಾಚಿಕೆ ನನಗೆ ಆಮೇಲೆಂದೂ ಆಗಿಲ್ಲ.

ಸೈಕಲ್ ತುಳಿದುಕೊಂಡು ಧರಮಪೇಠಕ್ಕೆ ಹೋದೆ. ಆಕೆ ಗೇಟಿಗೆ ಬಂದರು.

"ಏನರ ಬಿಟ್ಟು ಹೋಗೀರೇನ್ರಿ?"

ನಿಮ್ಮನ್ನು ನೋಡಲು ಬಂದೆ ಎನ್ನಬೇಕು. ಹಾಗಂದುಬಿಟ್ಟರೆ ನೀರಿನ ವಿಷಯ ನನಗೆ ತಿಳಿಯಿತು ಎಂದು ಅವರಿಗೂ ತಿಳಿದುಬಿಡುತ್ತದೆ. ಅವರನ್ನು ಇನ್ನೊಮ್ಮೆ ಸಣ್ಣವರನ್ನಾಗಿ ಮಾಡುವ ಧೈರ್ಯ ನನಗಿರಲಿಲ್ಲ.

"ಇಲ್ಲ, ಹೀಗೇ ಈ ಕಡೆ ಬಂದಿದ್ದೆ. ಗಾಡಿ ಹೇಗಿದೆ?"

"ಗಾಡಿ ಬರೋಬರ್ ಐತ್ರಿ. ಏನೂ ತಕರಾರಿಲ್ಲ" ಎಂದರು, ತಪ್ಪು ಒಪ್ಪಿಕೊಳ್ಳುವವರ ಹಾಗೆ ಅವಸರದಿಂದ. ಒಂದು ಕೈ ಗೇಟಿನ ಚಿಲಕದ ಮೇಲಿತ್ತು. ಅದನ್ನು ಅರ್ಧ ಸರಿಸಿದರು. ನಾನು ಸೈಕಲ್ ತಿರುಗಿಸಿದೆ.