ಲವಂಗದಷ್ಟು ಜಂಜಿಬಾರ್

ಲವಂಗದ ವಾಸನೆ ಬಂದರೆ ಈಗಲೂ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ಮಸ್ಕತ್ತಿನ ಮತ್ರಾದ ಆ ಮನೆ. ಕೆಳಗೆ ಮನೆಯೊಡತಿ ಬೀಬಿ, ಮಹಡಿಯಲ್ಲಿ ಬಾಡಿಗೆಗೆ ಅಪ್ಪ, ಅವ್ವ, ನಾನು. ಸಂಜೆ ಅವರು ಲವಂಗ ಹಾಕಿ ಕಾಫಿ ಕುದಿಸಿದರೆ ಪರಿಮಳವೇ ಮೆಟ್ಟಿಲು ಹತ್ತಿ ಬಂದು ನಮ್ಮನ್ನು ಕರೆಯುತ್ತಿತ್ತು. ಬೀಬಿ ಹುಟ್ಟಿದ್ದು ಜಂಜಿಬಾರ್‌ನಲ್ಲಿ. ಒಮಾನಿನ ಸುಲ್ತಾನರು ಆಫ್ರಿಕಾದ ಕರಾವಳಿಯವರೆಗೂ ಆಳಿದ್ದನ್ನು ಅವರು ತಟ್ಟೆಯ ಮೇಲೆ ತೋರಿಸುತ್ತಿದ್ದರು: ಖರ್ಜೂರ ಮಸ್ಕತ್, ಬಾದಾಮಿ ಗ್ವಾದರ್, ದೂರದ ಅಂಚಿನಲ್ಲಿ ಒಂದು ಲವಂಗ, ಅದು ಜಂಜಿಬಾರ್. "ಸುಲ್ತಾನ ತೀರಿಕೊಂಡ, ಮಕ್ಕಳು ರಾಜ್ಯ ಹಂಚಿಕೊಂಡರು" ಎಂದು ತಮ್ಮ ಹಿಂದಿಯಲ್ಲಿ ಹೇಳಿ ನಡುವೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಎಷ್ಟೋ ಕಾಲದ ಮೇಲೆ ಜಂಜಿಬಾರ್‌ನಲ್ಲಿ ದಂಗೆಯೆದ್ದು, ಅರಬರ ಮನೆಗಳಿಗೆ ಜನ ನುಗ್ಗಿದಾಗ, ಪುಟ್ಟ ಹುಡುಗಿ ಬೀಬಿ ಹಡಗು ಹತ್ತಿದ್ದರು. ಆ ಲವಂಗ ಕೊಯ್ದವರು ಗುಲಾಮರು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಕಾಲೇಜಿನಲ್ಲಿ ಅದನ್ನು ಓದಿದ ದಿನ ಬೀಬಿಯ ಮೇಲೂ ಸಿಟ್ಟಾದೆ.

ಅಪ್ಪ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಕಾಫಿ ಸಾಕೆನಿಸಿದರೆ ಬಟ್ಟಲನ್ನು ಅಲ್ಲಾಡಿಸಬೇಕು, ಇಲ್ಲದಿದ್ದರೆ ಮನೆಯವರು ಸುರಿಯುತ್ತಲೇ ಇರುತ್ತಾರೆ. ಅಲ್ಲಿಯ ಪದ್ಧತಿ ಅದು. ಅಪ್ಪ ಒಂದೇ ಬಟ್ಟಲಿಗೆ ಅಲ್ಲಾಡಿಸಿ ಎದ್ದುಬಿಡುತ್ತಿದ್ದ. ಮೆಟ್ಟಿಲ ಮೇಲೆ ನಗುತ್ತಿದ್ದ: "ನಮ್ಮ ಬಿಜಾಪುರದ ಬಾದಶಾಹಿನೂ ಹೋತು. ನಾವೇನು ಅಳಕೋತ ಕುಂತೀವೇನು?"

"ನಿಮ್ಮನ್ನ ಯಾರು ಮನಿ ಬಿಡಿಸ್ಯಾರ?" ಎನ್ನುತ್ತಿದ್ದಳು ಅವ್ವ.

ಎಣ್ಣೆಯ ಬೆಲೆ ಕುಸಿದ ವರ್ಷ ಬಿಡಿಸಿದರು. ಕಾರ್ಖಾನೆಯ ಮ್ಯಾನೇಜರ್ ನಮ್ಮ ಕಡೆಯವನೇ, ದೀಪಾವಳಿಗೆ ಅವ್ವನ ಹೋಳಿಗೆ ಕೇಳಿ ಕೇಳಿ ಉಂಡವನು. ಎದುರಿಗೆ ಕೂರಿಸಿ ಹೇಳುವಷ್ಟು ಮರ್ಯಾದೆಯನ್ನೂ ಅವನು ಉಳಿಸಿಕೊಳ್ಳಲಿಲ್ಲ. ಫೋನಿನಲ್ಲಿ, "ನಿಮ್ಮ ನೌಕರಿ ಖಲಾಸ್ ಆತ್ರೀ, ನನ್ನ ಕೈಯಾಗ ಏನೂ ಇಲ್ಲ" ಎಂದ. ವೀಸಾ ರದ್ದಾಯಿತು. ನನ್ನ ಶಾಲೆ ಅರ್ಧಕ್ಕೇ ನಿಂತಿತು. ಮುಂದೆ ಪಠ್ಯಪುಸ್ತಕದಲ್ಲಿ ಸಾಮ್ರಾಜ್ಯಗಳು ಪ್ರಾಂತ್ಯ ಕಳೆದುಕೊಂಡದ್ದನ್ನು ಓದುವಾಗಲೆಲ್ಲ ಪುಸ್ತಕವನ್ನು ಎತ್ತಿ ಒಗೆಯಬೇಕೆನಿಸುತ್ತಿತ್ತು. ಕಳೆದುಕೊಂಡವರ ಹೆಸರುಗಳಿದ್ದವು. ಆ ಪ್ರಾಂತ್ಯದಲ್ಲಿ ಒಲೆ ಹೂಡಿಕೊಂಡಿದ್ದವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹೊರಡುವ ಸಂಜೆ ಬೀಬಿ ಕರೆದರು. ತಟ್ಟೆಯಲ್ಲಿ ಖರ್ಜೂರವಿತ್ತು, ರಾಜ್ಯದ ಮಾತಿರಲಿಲ್ಲ. ಅಪ್ಪ ಕುಡಿದು ಬಟ್ಟಲು ಚಾಚಿದ. ಬೀಬಿ ಸುರಿದರು. ಮತ್ತೆ ಚಾಚಿದ. "ಅಲ್ಲಾಡಿಸ್ರಿ, ಟ್ಯಾಕ್ಸಿ ಬಂದೈತಿ" ಎಂದು ಅವ್ವ ಪಿಸುಗುಟ್ಟಿದಳು. ಅಪ್ಪನ ಕೈ ಅಲುಗಲಿಲ್ಲ. ಹೊರಗೆ ಹಾರನ್ ಕೇಳುತ್ತಿತ್ತು. ಫ್ಲಾಸ್ಕಿನಲ್ಲಿ ಹನಿಯೂ ಉಳಿದಿಲ್ಲವೆಂದು ತಿಳಿದೂ ಬೀಬಿ ಅದನ್ನು ಅವನ ಬಟ್ಟಲಿಗೆ ಇನ್ನೊಮ್ಮೆ, ನಿಧಾನವಾಗಿ, ಬಗ್ಗಿಸಿದರು.