ಸೋಬಾನೆಯ ಬ

ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದೆ. ನಾನು ಉಗುಳುವ ಮೊದಲೇ ನೀರು ಎಡಗಡೆ ತುಟಿಯಿಂದ ಸೋರಿ ಸೀರೆಯ ಮೇಲೆ ಬಿತ್ತು. ಇನ್ನೊಂದು ಸಲ ಮುಕ್ಕಳಿಸಿದೆ. ಮತ್ತೆ ಸೋರಿತು. ನಿದ್ದೆ ಇನ್ನೂ ಬಿಟ್ಟಿಲ್ಲ ಅಂದುಕೊಂಡು ಸೊಪ್ಪಿನ ಹೊರೆ ಎತ್ತಿಕೊಂಡು ಹುಳದ ಮನೆಗೆ ಹೋದೆ. ನಮ್ಮತ್ತೆ ಅಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದವರು ನನ್ನ ಮುಖ ನೋಡಿ ಕೈ ನಿಲ್ಲಿಸಿದರು.

“ಜಯ, ಅದ್ಯಾಕವ್ವ ಬಾಯಿ ಹಂಗೆ ವಾರೆಯಾಗೈತೆ?”

ಒಳಗೆ ಓಡಿ ಕನ್ನಡಿ ನೋಡಿದೆ. ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚು ಅಂದರೆ ಮುಚ್ಚುತ್ತಿರಲಿಲ್ಲ.

ಅರ್ಧ ಮುಖ ನನ್ನ ಮಾತು ಕೇಳುತ್ತಿರಲಿಲ್ಲ.

ನಮ್ಮದು ಗುಡೇಮಾರನಹಳ್ಳಿ. ನಾನು ಮನೆ ಬಾಗಿಲು ದಾಟುವಷ್ಟರಲ್ಲಿ ಬೀದಿಯವರು ಸೇರಿ ಲಕ್ವ ಹೊಡೆದಿದೆ ಎಂದು ತೀರ್ಮಾನ ಮಾಡಿಯಾಗಿತ್ತು. ಒಬ್ಬರು ಎಣ್ಣೆ ತಿಕ್ಕು ಅಂದರು, ಇನ್ನೊಬ್ಬರು ತಾಯಿತ ಕಟ್ಟಿಸು ಅಂದರು. ನಮ್ಮನೆಯವರು ಯಾರ ಮಾತಿಗೂ ಕಿವಿಗೊಡದೆ ನನ್ನನ್ನು ರಾಮನಗರದ ಬಸ್ಸು ಹತ್ತಿಸಿದರು. ಅವರ ದೇಹ ನನ್ನ ಪಕ್ಕದಲ್ಲಿತ್ತು, ಮನಸ್ಸು ಹುಳದ ಮನೆಯಲ್ಲಿತ್ತು. ಅದರ ಫಲ ಆಸ್ಪತ್ರೆಯಲ್ಲಿ ಕಂಡಿತು.

ಡಾಕ್ಟರ್ ಧಾರವಾಡ ಕಡೆಯ ಹೆಣ್ಣುಮಗಳು. ಈ ಊರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲವಂತೆ. ಹುಬ್ಬು ಏರಿಸಿ ಅಂದರು, ಕಣ್ಣು ಮುಚ್ಚಿ ಅಂದರು, ಕೈಕಾಲಿನ ಶಕ್ತಿ ನೋಡಿದರು. ನನ್ನ ಮಾತು ಗಾಳಿ ಸೋರಿದ ಹಾಗಿದ್ದುದರಿಂದ ಪ್ರಶ್ನೆಗಳೆಲ್ಲ ನಮ್ಮನೆಯವರ ಪಾಲಿಗೆ ಬಂದವು.

“ಜ್ವರ ಬಂದಿತ್ತೇನ್ರಿ?”

“ಮೂರು ಜ್ವರ ಆಯ್ತು ಮೇಡಂ. ಮೂರ್ನೇದು ಮೊನ್ನೆ ಮುಗೀತು.”

“ಮೂರು ಸಲಾನ? ಎಷ್ಟು ದಿನದಾಗ?”

“ಒಂದು ಹದಿನೈದು ದಿನದಲ್ಲಿ. ನಾಲ್ಕನೇ ಜ್ವರ ಶನಿವಾರ ಬತ್ತದೆ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಮುಂದಿನ ಜ್ವರ ಯಾವಾಗ ಬರ್ತದ ಅಂತ ನಿಮಗ ಹ್ಯಾಂಗ ಗೊತ್ತು?”

“ಒಸಿ ಹಿಂದೆಮುಂದೆ ಆಗ್ಬೋದು ಮೇಡಂ, ಬರ್ದೆ ಇರಾಕಿಲ್ಲ. ಅದು ಬಂದ್ರೇನೇ ಒಳ್ಳೇದು.”

ಬಾಗಿಲಲ್ಲಿದ್ದ ನರ್ಸಮ್ಮ ರಾಮನಗರದವರೇ. ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೇಡಂ, ಅವ್ರು ಹೇಳ್ತಿರೋದು ರೇಷ್ಮೆಹುಳದ ಜ್ವರ. ಪೊರೆ ಬಿಡೋಕೆ ಮುಂಚೆ ಹುಳ ಮೇವು ಬಿಟ್ಟು ಮಲಗ್ತವಲ್ಲ, ಅದಕ್ಕೆ ನಮ್ ಕಡೆ ಜ್ವರ ಅಂತಾರೆ.”

ಡಾಕ್ಟರ್ ನಕ್ಕರು. ನಮ್ಮನೆಯವರು ನಾಚಿ ತಲೆ ಕೆರೆದುಕೊಂಡರು. ನನಗೂ ನಗು ಉಕ್ಕಿ ಬಂತು. ಎದುರಿನ ಔಷಧಿ ಬೀರುವಿನ ಗಾಜಿನಲ್ಲಿ ನನ್ನ ಮುಖ ಕಂಡಿತು.

ನಗು ಬಲಗಡೆ ಕೆನ್ನೆಯಲ್ಲೇ ನಿಂತುಬಿಟ್ಟಿತ್ತು.

ಸ್ಟ್ರೋಕ್ ಅಲ್ಲ, ಬೆಲ್ಸ್ ಪಾಲ್ಸಿ ಅಂದರು. ಮುಖದ ನರ ಊದಿಕೊಂಡಿದೆಯಂತೆ. ಸ್ಟೆರಾಯ್ಡ್ ಮಾತ್ರೆ, ಕಣ್ಣಿಗೆ ಡ್ರಾಪ್ಸ್, ಮಲಗುವಾಗ ಕಣ್ಣಿನ ಮೇಲೆ ಪ್ಲಾಸ್ಟರ್, ದಿನಕ್ಕೆ ಮೂರು ಹೊತ್ತು ವ್ಯಾಯಾಮ. “ಭಾಳ ಮಂದಿಗೆ ಪೂರಾ ಸರಿ ಹೋಗ್ತದ. ಕೆಲವರಿಗೆ ಒಂದಿಷ್ಟು ಉಳೀತದ. ಈಗ ಹೇಳಲಿಕ್ಕೆ ಬರೂದಿಲ್ಲ” ಅಂದರು.

ಮುಖದ ಅಂದಚಂದದ ಬಗ್ಗೆ ನನಗೆ ಅಷ್ಟು ಚಿಂತೆಯಿರಲಿಲ್ಲ. ನಲವತ್ತು ದಾಟಿದವಳನ್ನು ಯಾರು ಹೆಣ್ಣು ನೋಡಲು ಬರಬೇಕಾಗಿದೆ? ಚಿಂತೆ ಬೇರೆ ಇತ್ತು. ಆರು ವಾರಕ್ಕೆ ನನ್ನ ಮೈದುನ ಶಿವಣ್ಣನ ಮದುವೆ. ನಮ್ಮೂರ ಮದುವೆಗಳಲ್ಲಿ ಸೋಬಾನೆ ಪದ ಎತ್ತಿಕೊಡುವವಳು ನಾನು. ನಾನು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳುತ್ತಾರೆ. ಪ, ಬ, ಮ ಅನ್ನಲು ತುಟಿ ಕೂಡಬೇಕು, ನನ್ನ ತುಟಿ ಕೂಡುತ್ತಿರಲಿಲ್ಲ. ಬಸ್ಸಿನಲ್ಲಿ ಸೆರಗು ಅಡ್ಡ ಹಿಡಿದು ಮೆಲ್ಲಗೆ ಹೇಳಿ ನೋಡಿದೆ.

ಸೋವಾನೆ.

ಮತ್ತೆ ಹೇಳಿದೆ. ಮತ್ತೆ ಸೋವಾನೆ. ಕಿಟಕಿಯ ಕಡೆ ತಿರುಗಿ ಕಣ್ಣೀರು ಹಾಕಿದೆ.

ದಿನಾ ರಾಮನಗರಕ್ಕೆ ಹೋಗಿಬರುವಂತಿರಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅದಕ್ಕೇ ಫಿಸಿಯೋಥೆರಪಿಯವರು ವ್ಯಾಯಾಮದ ಸಿ.ಡಿ. ಕೊಟ್ಟಿದ್ದರು. ಮನೆಯಲ್ಲಿ ಟಿ.ವಿ. ಇತ್ತು, ಸಿ.ಡಿ. ಹಾಕುವ ಪೆಟ್ಟಿಗೆಯೂ ಇತ್ತು. ಕರೆಂಟು ಇದ್ದಾಗ ನಾನು ಸೊಪ್ಪಿನ ಮಧ್ಯೆ, ನನಗೆ ಬಿಡುವಾದಾಗ ಕರೆಂಟಿಲ್ಲ. ಶಿವಣ್ಣ ಬಿಡದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆಯುಧಪೂಜೆಗೆ ಕಾರ್ಖಾನೆಯವರು ಕೊಟ್ಟ ಪುಟ್ಟ ಪ್ಲೇಯರ್ ಒಂದು ಅವನ ಜೇಬಿನಲ್ಲೇ ಇರುತ್ತಿತ್ತು. ಹಾಡೂ ಕೇಳಬಹುದು, ವಿಡಿಯೋನೂ ನೋಡಬಹುದು. ಅವನು ಶಿಫ್ಟ್ ಮುಗಿಸಿ ರಾಮನಗರದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಆ ಸಿ.ಡಿ.ಯನ್ನು ಪ್ಲೇಯರಿಗೆ ಹಾಕಿಸಿಕೊಂಡು ಬಂದ.

“ತಗೊಳ್ಳಿ ಅತ್ಗೆ. ಜಾಗ ಉಳಿದಿತ್ತು ಅಂತ ಹಾಡೂ ತುಂಬ್ಸಿದೀನಿ. ಮದ್ವೆ ಹೊತ್ಗೆ ನೀವು ಹಾಡ್ಲೇಬೇಕು.”

ಬೆಂಕಿಪೊಟ್ಟಣದಷ್ಟು ಪರದೆ. ಅದರೊಳಗೆ ಬಿಳಿ ಕೋಟಿನ ಹೆಂಗಸು. ಹುಬ್ಬು ಏರಿಸಿ, ಕೆನ್ನೆ ಉಬ್ಬಿಸಿ, ಶಿಳ್ಳೆ ಹಾಕುವಂತೆ ತುಟಿ ಚೂಪು ಮಾಡಿ ಎನ್ನುತ್ತಿದ್ದಳು. ಹುಳದ ತಟ್ಟೆಗಳ ಅಟ್ಟಣೆಗೆ ಪ್ಲೇಯರ್ ತೂಗುಹಾಕಿ, ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ಶುರು ಮಾಡಿದೆ. ಅವಳು ನಕ್ಕರೆ ಎರಡು ಕೆನ್ನೆಯೂ ನಗುತ್ತಿದ್ದವು. ನನ್ನದು ಒಂದೇ. ನಾಲ್ಕನೇ ದಿನ ಸಿಟ್ಟು ನೆತ್ತಿಗೇರಿ ಪ್ಲೇಯರನ್ನು ಸೊಪ್ಪಿನ ರಾಶಿಗೆ ಎಸೆದೆ. ಮೊದಲಿಂದಲೂ ನನ್ನ ಸಿಟ್ಟಿಗೆ ಮೂಗಿನ ಮೇಲೇ ಜಾಗ.

ಅತ್ತೆ ಅದನ್ನು ಹುಡುಕಿ ತೆಗೆದು ಸೆರಗಿನಲ್ಲಿ ಒರೆಸಿದರು. ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತರು.

“ಆ ಯಮ್ಮನ್ನ ನೋಡ್ಬ್ಯಾಡ. ನನ್ನ ನೋಡು. ಅವಳು ಮಾಡ್ದಂಗೆ ನಾನು ಮಾಡ್ತೀನಿ, ನಾನು ಮಾಡ್ದಂಗೆ ನೀನು ಮಾಡು.”

ನಮ್ಮತ್ತೆಯ ಬಾಯಲ್ಲಿ ನಾಲ್ಕೇ ಹಲ್ಲು. ಅವರು ಕೆನ್ನೆ ಉಬ್ಬಿಸಿದರೆ ಗಾಳಿ ಪುಸ್ಸೆಂದು ಮುಂದಿನಿಂದ ಹೋಗುತ್ತಿತ್ತು, ನನ್ನದು ಎಡದಿಂದ ಹೋಗುತ್ತಿತ್ತು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಅವತ್ತಿನಿಂದ ದಿನಾ ಮೂರು ಹೊತ್ತು ಅತ್ತೆ ಸೊಸೆ ಎದುರುಬದುರು ಕೂತು ಮೂತಿ ಓರೆ ಮಾಡಿದ್ದೇ ಮಾಡಿದ್ದು. ಪಕ್ಕದ ಮನೆಯ ಚಿಕ್ಕತಾಯಮ್ಮ ಕಿಟಕಿಯಲ್ಲಿ ಇಣುಕಿ ಹೋಗಿದ್ದಳು. ಮರುದಿನ ಹಾಲಿನ ಡೈರಿಯಲ್ಲಿ ನಮ್ಮನೆಯವರನ್ನು ಗೆಳೆಯರು ಹಿಡಿದುಕೊಂಡರಂತೆ.

“ಏನ್ಲಾ, ಮದ್ವೆ ಹತ್ರ ಬಂದೈತೆ, ನಿಮ್ಮವ್ವಂಗೂ ನಿನ್ನೆಂಡ್ರುಗೂ ಜಗಳವಂತೆ? ಒಬ್ರನ್ನೊಬ್ರು ಅಣಕಿಸ್ಕೊಂಡು ಕುಂತವ್ರಂತೆ?”

ಈ ಸುದ್ದಿ ಕೇಳಿದ ಮೇಲೆ ಅತ್ತೆ ಇನ್ನೂ ಹುರುಪಿನಿಂದ ಅಣಕಿಸತೊಡಗಿದರು.

ವ್ಯಾಯಾಮ ಮುಗಿದರೆ ಹಾಡು. ಕಾಯಿಲೆಯಿಂದ ನನ್ನ ಎಡಗಿವಿಗೆ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು, ಹುಳ ಸೊಪ್ಪು ಮೇಯುವ ಸದ್ದಿಗೂ ಕಿವಿ ಮುಚ್ಚಿಕೊಳ್ಳುವಂತಾಗುತ್ತಿತ್ತು. ಹಾಗಾಗಿ ಇಯರ್‌ಫೋನಿನ ಒಂದು ತುದಿ ನನ್ನ ಬಲಗಿವಿಗೆ, ಇನ್ನೊಂದು ಅತ್ತೆಯ ಕಿವಿಗೆ. ವೈರು ಗಿಡ್ಡ. ಒಬ್ಬರು ಸೊಪ್ಪಿಗೆ ಬಗ್ಗಿದರೆ ಇನ್ನೊಬ್ಬರೂ ಬಗ್ಗಬೇಕು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಅಷ್ಟು ಹತ್ತಿರ ನಿಂತು ಕೆಲಸ ಮಾಡಿದ್ದೇ ಇಲ್ಲ. ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ. ಕಾಯಿಲೆಯವಳು ಹೇಳುವ ಮಾತಲ್ಲ, ಆದರೆ ನಿಜ.

ಹುಳ ಹಣ್ಣಾಗಿ ಗೂಡು ಕಟ್ಟಿದವು. ಮೂರನೇ ವಾರ ಎಡಹುಬ್ಬು ಒಂದಿಷ್ಟು ಅಲುಗಿತು. ನಾಲ್ಕನೇ ವಾರ ಕಣ್ಣು ಮುಚ್ಚಿತು. ಐದನೇ ವಾರ ಕೆನ್ನೆಯಲ್ಲಿ ಗಾಳಿ ನಿಂತಿತು. ‘ಬ’ ಮಾತ್ರ ಒಂದು ದಿನ ಬಂದರೆ ಎರಡು ದಿನ ಇಲ್ಲ.

ಶಿವಣ್ಣನಿಗೆ ಅರಿಶಿನ ಹಚ್ಚುವ ದಿನ ಬಂತು. ಹೆಣ್ಣಿನ ಕಡೆಯವರು ಕನಕಪುರದಿಂದ ಬಂದು ಚಪ್ಪರದ ತುಂಬ ಕೂತಿದ್ದರು. ಬೇರೆಯವರು ಎತ್ತಿಕೊಡಲಿ ಎಂದು ನಾನು ಹಿಂದೆ ಸರಿದೆ. ಮಣೆಯ ಮೇಲೆ ಕೂತ ಶಿವಣ್ಣ ಮುಖ ಗಂಟು ಹಾಕಿದ.

“ಅತ್ಗೆ ಹಾಡೋವರ್ಗೂ ಅರಿಶಿನ ಮುಟ್ಟಿಸ್ಕೊಳಾಕಿಲ್ಲ ನಾನು.”

ಎಲ್ಲರೂ ನನ್ನ ಕಡೆ ತಿರುಗಿದರು. ಕಣ್ಣು ಮುಚ್ಚಿ ಪದ ಎತ್ತಿದೆ. ಮೊದಲ ಸಾಲು ನೆಟ್ಟಗೆ ಹೋಯಿತು. ಸಾಲಿನ ಕೊನೆಗೆ ಆ ‘ಬ’ ಬಂತು. ತುಟಿ ಕೂಡಲಿಲ್ಲ.

ಸೋವಾನೆ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕನಕಪುರದವರು ಈಗ ನಗುತ್ತಾರೆ ಎಂದು ಕಾದೆ. ನಗು ಬರಲಿಲ್ಲ. ನನ್ನ ಹಿಂದೆ ಅತ್ತೆಯ ಒಡಕು ಗಂಟಲು ಎದ್ದಿತು, ಅದರ ಜೊತೆ ಚಿಕ್ಕತಾಯಮ್ಮ, ಅವಳ ಜೊತೆ ನಮ್ಮ ಬೀದಿಯ ಹೆಂಗಸರೆಲ್ಲ. ಒಬ್ಬರೂ ತಿದ್ದಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೇ, ಸೋವಾನೆ ಎಂದೇ ತಿರುಗಿ ಹೇಳಿದರು. ಎರಡನೇ ಸಾಲಿಗೆ ಕನಕಪುರದವರೂ ಸೇರಿಕೊಂಡರು. ಅವರ ಪಾಲಿಗೆ ಅದು ಈ ಊರಿನ ರೀತಿ.

ಆಮೇಲೆ ಅತ್ತೆಯನ್ನು ಕೇಳಿದೆ, ಬೇಕಂತಲೇ ಹಾಗೆ ಹಾಡಿದಿರಾ ಅಂತ.

“ಅದೇನ್ ಬೇಕಂತ? ನೀನೆಂಗೆ ಎತ್ಕೊಟ್ರೆ ಹಂಗೆ ನಾವು. ಯಾವತ್ತು ಬ್ಯಾರೆ ಹಾಡಿದೀವಿ?”

ಈಗ ಮೂರು ತಿಂಗಳಾಯಿತು. ಬಿಸಿ ಸಾರು ಉಣ್ಣುವಾಗ ಎಡಗಣ್ಣಲ್ಲಿ ನೀರು ಬರುತ್ತದೆ. ನಗುವಾಗ ಎಡಗೆನ್ನೆ ಬಲಗೆನ್ನೆಗಿಂತ ಒಂದು ಗಳಿಗೆ ತಡ. ಇಷ್ಟು ಉಳಿದರೆ ಉಳಿಯಲಿ ಎಂದು ಒಪ್ಪಿಕೊಂಡಿದ್ದೇನೆ. ಅರಿಶಿನದ ದಿನ ನಮ್ಮನೆಯವರು ಪ್ಲೇಯರಿನ ರೆಕಾರ್ಡ್ ಬಟನ್ ಒತ್ತಿ ಚಪ್ಪರದ ಕಂಬಕ್ಕೆ ಕಟ್ಟಿದ್ದರಂತೆ. ಸೊಪ್ಪು ಹಾಕುವಾಗ ಅತ್ತೆಯೂ ನಾನೂ ಅದನ್ನೇ ಕೇಳುತ್ತೇವೆ. ಮೊದಲ ಹಾಡಿನಲ್ಲೆಲ್ಲ ‘ವ’ ಇದೆ, ಕೊನೆಯ ಹಾಡಿನಲ್ಲೆಲ್ಲ ಗಟ್ಟಿ ‘ಬ’ ಇದೆ. ನಡುವೆ ಎಲ್ಲೋ ನನ್ನ ತುಟಿ ಕೂಡಿದೆ, ಆ ಗಳಿಗೆಗೇ ಎಲ್ಲರ ತುಟಿಯೂ ಕೂಡಿದೆ. ಎಷ್ಟು ಸಲ ಕೇಳಿದರೂ ಅದು ಯಾವ ಸಾಲು ಎಂದು ನಮಗೆ ಗೊತ್ತಾಗಿಲ್ಲ.