ಹೊತ್ತಲ್ಲದ ಹೊತ್ತಿನ ಸೈರನ್

ಕೇಳ್ರಪ್ಪಾ, ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಚಾಂಪಿಯನ್ ರೀಫ್ಸ್ ಚಿನ್ನದ ಗಣಿ ಕಾರ್ಮಿಕರ ಲೈನಿಗೆ ದೆವ್ವ ಬಂದಿತ್ತು. ಬಿಳಿ ಸೀರೆ, ಬಿಚ್ಚಿದ ಕೂದಲು, ಕಾಲಿಗೆ ಶೂ. ಸಿನಿಮಾ ಓದುತ್ತಿರೋ ನನ್ನ ಮೊಮ್ಮಗಳು ಪವಿ ಗೆಳತಿಗೆ ವೇಷ ಹಾಕಿಸಿ ಐದು ನಿಮಿಷದ ದೆವ್ವದ ಪಿಚ್ಚರ್ ಮಾಡಿ ನಾಳೆ ಕಾಲೇಜಿಗೆ ಕೊಡಬೇಕಂತೆ. ಬೀದಿಯವರು ದೆವ್ವ ನೋಡಿ ಹೆದರಬೇಕಿತ್ತು. ಎಲ್ಲರೂ ನಕ್ಕರು.

‘ಭಯ ಹುಟ್ಟೋದು ಕಿವಿಯಿಂದ ಅಂತ ನಮ್ ಮೇಷ್ಟ್ರು ಹೇಳಿದಾರೆ’ ಅಂದ ಪವಿ, ದೊಡ್ಡ ಸ್ಪೀಕರ್‌ನಲ್ಲಿ ಗಣಿ ಸೈರನ್ನಿನ ಸದ್ದು ಹಾಕಿದಳು.

ನಾನು ಒಳಗೆ ರೊಟ್ಟಿಗೆ ರಾಗಿಹಿಟ್ಟು ಕಲಸುತ್ತಿದ್ದೆ. ಗಣಿ ನಡೀತಿದ್ದಾಗ, ಪಾಳಿ ಬದಲಾಗೋ ಹೊತ್ತು ಬಿಟ್ಟು ಸೈರನ್ ಕೂಗಿದರೆ ಕೆಳಗೆ ಯಾರಿಗೋ ಏನೋ ಆಯ್ತು ಅಂತಲೇ ಅರ್ಥ. ಹಿಟ್ಟಿನ ಕೈಯಲ್ಲೇ, ಬರಿಗಾಲಲ್ಲಿ ಬೀದಿಗೆ ಓಡಿದೆ. ಎದುರುಮನೆ ಸೆಲ್ವಿ ಎದೆ ಹಿಡ್ಕೊಂಡು ‘ಅಕ್ಕಾ, ಎನ್ನಾಚ್ಚು? ಏನಾಯ್ತು?’ ಅಂದಳು. ಲೈನಿನ ಮುದುಕಿಯರೆಲ್ಲ ಗಣಿ ಕಡೆ ಮುಖ ಮಾಡಿ ನಿಂತಿದ್ದೆವು. ಆ ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು.

‘ಅಜ್ಜೀ, ಇದೇ ಭಯ ಬೇಕಿತ್ತು! ಕ್ಯಾಮೆರಾ ದೆವ್ವದ ಕಡೆ ಇತ್ತು. ಇನ್ನೊಂದ್ಸಲ ಓಡಿ ಬಾ’ ಅಂದಳು ಪವಿ.

‘ಗಣಿಗೆ ಇಳೀತಿದ್ದ ನಿಮ್ ತಾತ ಓಗಿ ಆರು ವರ್ಷ ಆಯ್ತು ಕಣೇ. ಒಂದ್ಸಲ ಮರೆತು ಓಡ್ಬಂದೆ. ಇನ್ನೊಂದ್ಸಲ ಯಾರಿಗೋಸ್ಕರ ಓಡ್ಲಿ?’

ಪವಿ ಸ್ಪೀಕರ್ ಆಫ್ ಮಾಡಿದಳು. ಪಿಚ್ಚರ್‌ಗೆ ಭಯ ಇನ್ನೂ ಸಿಕ್ಕಿಲ್ಲ.

ದೆವ್ವ ಮಾತ್ರ ನಮ್ಮನೇಲಿ ಎರಡು ರೊಟ್ಟಿ ತಿಂದು, ಬಂಗಾರಪೇಟೆ ಬಸ್ಸು ಹತ್ತಿತು. ಪಾಪ, ಬಸ್ಸಲ್ಲೂ ಯಾರೂ ಸೀಟು ಬಿಡಲಿಲ್ಲವಂತೆ.